ನಿಮಗಿದು ಗೊತ್ತೇ? ಕೆಜಿಎಫ್ ಓಡಿಸಿ ನೋಡುವ ಕಲೆ

‘ಕೆಜಿಎಫ್: ಚಾಪ್ಟರ್ 2’ (2022) ಓಡುವುದು 168 ನಿಮಿಷ. ಸೆಕೆಂಡಿಗೆ 24 ಫ್ರೇಮಿನಂತೆ ಗುಣಿಸಿ ನೋಡಿ: 2,41,920 ಬಿಡಿ ಚಿತ್ರಗಳು! ಅಷ್ಟರಲ್ಲಿ ನಾಯಕ ರಾಕಿಯ ಒಂದೇ ಒಂದು ಹೊಡೆತವನ್ನು ಹುಡುಕಬೇಕೆಂದರೆ?

ಯೂಟ್ಯೂಬ್ ವಿಡಿಯೊದ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ಎಳೆದರೆ ಪುಟಾಣಿ ಚಿತ್ರ ಮೂಡುತ್ತದಲ್ಲ, ಅದನ್ನು ಆ ಕ್ಷಣಕ್ಕೆ ವಿಡಿಯೊದಿಂದ ಕಿತ್ತು ತರುವುದಿಲ್ಲ. ಮೊದಲೇ ತೆಗೆದಿಟ್ಟ ಚಿತ್ರಗಳನ್ನು ಪಾಸ್‌ಪೋರ್ಟ್ ಫೋಟೊಗಳಂತೆ ಹಾಳೆಗಳಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಬೆರಳು ಸರಿದಂತೆ ಚೌಕ ಬದಲಾಗುತ್ತದೆ, ಅಷ್ಟೇ.

ಕಂಪ್ಯೂಟರಿನಲ್ಲಿ ವಿಡಿಯೊ ನಿಲ್ಲಿಸಿ, ಪೂರ್ಣವಿರಾಮದ ಚುಕ್ಕಿ ಒತ್ತಿ: ಒಂದೇ ಫ್ರೇಮ್ ಮುಂದೆ. ಅಲ್ಪವಿರಾಮ ಒತ್ತಿದರೆ ಹಿಂದೆ.

ಶಾಟ್ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅಕ್ಕಪಕ್ಕದ ಫ್ರೇಮುಗಳ ಬಣ್ಣ ಹೋಲಿಸಿ. ದಿಢೀರನೆ ಬದಲಾದರೆ ಅಲ್ಲೇ ಕತ್ತರಿ. ಶಾಟಿಗೊಂದರಂತೆ ಚಿತ್ರ ಹೆಕ್ಕಿದರೆ ಇಡೀ ಸಿನಿಮಾ ಕಾಮಿಕ್ಸ್ ಪುಟವಾಗುತ್ತದೆ. ಆದರೆ ಚಾಪ್ಟರ್ 2ರ ಕಾರ್ ಚೇಸಿನಲ್ಲಿ ತೆರೆ ಪದೇಪದೇ ಕಪ್ಪಾಗುತ್ತದೆ. ಪಾಪ, ಇಷ್ಟೇ ಲೆಕ್ಕ ಕಲಿತ ಯಂತ್ರ ಒಂದೊಂದು ಕತ್ತಲನ್ನೂ ಹೊಸ ಶಾಟೆಂದು ಎಣಿಸಿಬಿಡುತ್ತದೆ! ಚಿತ್ರದ ಸಂಕಲನಕಾರ ಉಜ್ವಲ್ ಕುಲಕರ್ಣಿಗೆ ಆಗಿನ್ನೂ 20ರ ಆಸುಪಾಸು. ಅಭಿಮಾನಿ ವಿಡಿಯೊಗಳನ್ನು ಕತ್ತರಿಸಿ ಜೋಡಿಸುತ್ತಲೇ ಕೈ ಪಳಗಿಸಿಕೊಂಡ ಹುಡುಗ.

ಚಿತ್ರದ ಸೆಟ್ ಹಾಕಿದ್ದು ಕೋಲಾರ ಚಿನ್ನದ ಗಣಿಯ ಊರು ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ ಅದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ದಿಬ್ಬಗಳು ಎಲ್ಲೂ ಹೋಗಿಲ್ಲ.

ಆ ಗಣಿ ಊರಿಗೆ ಹೋಗುವ ಬಂಗಾರಪೇಟೆ–ಮಾರಿಕುಪ್ಪಂ ರೈಲಿನ ಕಿಟಕಿಯಿಂದ ವಿಡಿಯೊ ಮಾಡಿದ್ದೀರಾ? ಯೂಟ್ಯೂಬಿನ ವಿವರಣೆಯಲ್ಲಿ ಬಂಗಾರಪೇಟೆ, ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ಸಮಯಸಹಿತ ಬರೆದರೆ ಸಾಕು, ಕೆಳಗಿನ ಗೆರೆ ತಾನಾಗಿ ಅಧ್ಯಾಯಗಳಾಗಿ ಒಡೆಯುತ್ತದೆ. ಷರತ್ತು ಇಷ್ಟೇ: ಮೊದಲನೆಯದು 0:00, ಕನಿಷ್ಠ 3 ಅಧ್ಯಾಯ, ಒಂದೊಂದೂ 10 ಸೆಕೆಂಡಿಗೆ ಕಡಿಮೆಯಿರಬಾರದು.

ಜನ ಮತ್ತೆ ಮತ್ತೆ ನೋಡಿದ ಜಾಗದಲ್ಲಿ ಅದೇ ಗೆರೆಯ ಮೇಲೆ ಉಬ್ಬು ಏಳುವುದು 2022ರಿಂದ. ಬಂಗಾರಪೇಟೆ ಪಾನಿಪುರಿಯ ವಿಡಿಯೊದಲ್ಲಿ ಅದು ಎಲ್ಲಿರಬೇಕು? ನನ್ನ ಪಂತ: ಬಾವಿ ನೀರಿನಷ್ಟು ತಿಳಿಯಾದ ಆ ಪಾನಿ ಪುರಿಯೊಳಗೆ ಇಳಿಯುವ ಹೊತ್ತಿನಲ್ಲಿ.

ಸಿನಿಮಾ ಬಿಡಿ, ಇಡೀ ದಿನದ ಸಿಸಿಟಿವಿ ದೃಶ್ಯವನ್ನು ಕೆಲವೇ ನಿಮಿಷಕ್ಕೆ ಇಳಿಸುವ ಉಪಾಯ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಶ್ಮುಯೆಲ್ ಪೆಲೆಗ್ ತಂಡದ್ದು. ಖಾಲಿ ಹೊತ್ತು ತೆಗೆದು, ಬೇರೆ ಬೇರೆ ವೇಳೆಯಲ್ಲಿ ಓಡಾಡಿದವರನ್ನು ಒಟ್ಟಿಗೇ ತೋರಿಸುವುದು! ಬಂಗಾರಪೇಟೆ ಜಂಕ್ಷನ್ನಿಗೆ ಅನ್ವಯಿಸಿಕೊಳ್ಳಿ: ಬೆಳಗಿನ 6ರ ಹೂವಿನಾಕೆ, ರಾತ್ರಿ 9ರ ಕೂಲಿಯಾಳು ಒಂದೇ ಪ್ಲಾಟ್‌ಫಾರ್ಮಿನಲ್ಲಿ ಜೊತೆಜೊತೆಗೆ ನಡೆಯುತ್ತಾರೆ, ಪಕ್ಕದಲ್ಲಿ ಅವರವರ ಗಂಟೆ. ಆಕೆಯ ಮೇಲೆ ಕ್ಲಿಕ್ ಮಾಡಿದರೆ ನೇರ ಬೆಳಗಿನ 6ಕ್ಕೆ.