ಚಳಿಗಾಲದ ನಾಯಿಮರಿಗೆ ಮಣ್ಣಿನ ಟ್ರೇ

ನಮ್ಮದು ಎಚ್.ಡಿ. ಕೋಟೆ ಕಡೆ ಮಳೆ ನಂಬಿದ ಹೊಲ. ರಾಗಿ ಕೊಯ್ಲು ಮುಗಿಸಿ ಡಿಸೆಂಬರಿನಲ್ಲಿ ಮೈಸೂರಿನ ಕುವೆಂಪುನಗರಕ್ಕೆ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗ ಎರಡು ತಿಂಗಳ ಪೊಮೇರಿಯನ್ ಮರಿ ತಂದಿದ್ದ. ಅದು ಕಂಡಲ್ಲೆಲ್ಲ ಉಚ್ಚೆ ಹೊಯ್ಯುತ್ತಿತ್ತು. ಬಾಡಿಗೆ ಮನೆ ಬೇರೆ. 'ತಿಂಗಳೊಳಗೆ ನಾಯಿ ಹೋಗಬೇಕು, ಇಲ್ಲಾ ನೀವು ಖಾಲಿ ಮಾಡಿ' ಅಂದಿದ್ದರು ಮಾಲೀಕರು.

ಬೆಳಗಿನ ಜಾವ ಇಬ್ಬನಿ ಬಿದ್ದ ತಾರಸಿಗೆ ಬಿಟ್ಟರೆ ಮರಿ ನಡುಗುತ್ತಾ ವಾಪಸ್ ಓಡಿ ಬಂದು ಒಳಗೇ ಹೊಯ್ಯೋದು. ಮೈಸೂರಿನ ಚಳಿ ನಮಗೇನೂ ಅಲ್ಲ. ಆದರೆ ಸಣ್ಣ ಮೈಯ ಕಾವು ಬೇಗ ಆರುತ್ತದೆ. ಕೋಳಿಮರಿಗೆ ಬಲ್ಬು ಹಾಕೋದು ಅದಕ್ಕೇ ಅಲ್ಲವೆ? ಪಾರ್ವೊ ಲಸಿಕೆ ಪೂರ್ತಿಯಾಗದೆ ಬೀದಿಗೂ ಬಿಡುವಂತಿಲ್ಲ.

ಅಗಲವಾದ ಹಳೇ ಟ್ರೇಗೆ ಒಣ ಕೆಮ್ಮಣ್ಣು ತುಂಬಿ, ಗಾಳಿ ಬೀಸದ ಹಿಂಬಾಗಿಲ ಒಳಗಡೆ ಇಟ್ಟೆ. ಉಚ್ಚೆ ಒರೆಸಿದ ಬಟ್ಟೆಯನ್ನು ಅದರ ಮೇಲೆ ಹಾಕಿದೆ, ವಾಸನೆ ಹಿಡಿಯಲಿ ಅಂತ. ನಿದ್ದೆಯಿಂದ ಎದ್ದಾಗ, ಆಟವಾಡಿದ ಮೇಲೆ, ಉಂಡು ಹತ್ತು ಹದಿನೈದು ನಿಮಿಷಕ್ಕೆ ಎತ್ತಿಕೊಂಡು ಹೋಗಿ ಬಿಡಬೇಕು. ಈ ವಯಸ್ಸಿನ ಮರಿ ಎರಡು ಮೂರು ತಾಸಿಗಿಂತ ಹೆಚ್ಚು ತಡೆಯದು, ರಾತ್ರಿಯೂ ಒಮ್ಮೆ ಏಳಬೇಕು. ಅಲ್ಲೇ ಮಾಡಿದರೆ ಕೂಡಲೇ ಬೇಯಿಸಿದ ಮೊಟ್ಟೆಯ ಚೂರು.

ಮೊದಲ ದಿನ ನಾನು ಪೇಪರ್ ಸುರುಳಿಯಿಂದ ಏಟು ಕೊಟ್ಟಿದ್ದೆ. ತಪ್ಪು ಮಾಡಿದೆ. ಅಂದಿನಿಂದ ಅದು ಮಂಚದಡಿ ಕದ್ದು ಹೊಯ್ಯಲು ಕಲಿಯಿತು, ಬಿಡಿಸಲು ವಾರ ಹಿಡಿಯಿತು. ಆ ಜಾಗವನ್ನು ಸೋಪಿನಿಂದ ತೊಳೆದು ವಿನೆಗರ್ ನೀರಿನಲ್ಲಿ ಒರೆಸಿದೆವು. ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ.

ಸಂಕ್ರಾಂತಿ ಹೊತ್ತಿಗೆ ಟ್ರೇಯನ್ನು ದಿನಕ್ಕೊಂದು ಗೇಣು ಸರಿಸುತ್ತಾ ಬಾಗಿಲಾಚೆ ದಾಟಿಸಿದೆವು. ನೆಂಟರು ಬಂದಾಗ ಈಗಲೂ ಒಮ್ಮೊಮ್ಮೆ ತಪ್ಪುತ್ತದೆ. ಮಾಲೀಕರು ಮತ್ತೆ ಬಾಯಿ ತೆಗೆದಿಲ್ಲ.

ಮಗಳು ಹಳೇ ಮಣ್ಣನ್ನು ಕೊತ್ತಂಬರಿ ಕುಂಡಕ್ಕೆ ಸುರಿಯಲು ಹೊರಟಿದ್ದಳು. ಬೇಡವೆಂದೆ. ನಾಯಿ ಹೇಲಿನಲ್ಲಿ ಜಂತುಹುಳದ ಮೊಟ್ಟೆ ಇರಬಹುದು, ಅದು ಸಗಣಿ ಗೊಬ್ಬರವಲ್ಲ.