ಹದಿನೇಳರ ಕೈಗೆ ಯಾವ ಪುಸ್ತಕ?

ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಪಿಯುಸಿ ತರಗತಿಗೂ ನಡುವೆ ಒಂದು ಬೇಸಿಗೆ ಇರುತ್ತದೆ. ಪಠ್ಯಪುಸ್ತಕದ ಹಂಗಿಲ್ಲದ ಆ ಕೆಲವು ವಾರಗಳಲ್ಲಿ ಎಷ್ಟೋ ಮಂದಿ ಜೀವಮಾನದ ಓದುಗರಾಗಿದ್ದಾರೆ. ಅದೇ ವಯಸ್ಸಿನಲ್ಲಿ ಓದುವುದನ್ನು ಬಿಟ್ಟವರೂ ಕಡಿಮೆಯಲ್ಲ. ಕತೆ ಪುಸ್ತಕ ಸಿಕ್ಕರೆ ಊಟ ಮರೆಯುತ್ತಿದ್ದ ಹುಡುಗಿ ಹದಿನಾರು ತುಂಬುವ ವೇಳೆಗೆ ಮಕ್ಕಳ ಪುಸ್ತಕಗಳನ್ನು ಮುಟ್ಟುವುದಿಲ್ಲ. ದೊಡ್ಡವರ ಕಪಾಟಿನಿಂದ ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಅವಳಿಗೆ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೊಬ್ಬರು ‘ಇದನ್ನು ಓದಿ ನೋಡು’ ಎಂದು ತಕ್ಕ ಪುಸ್ತಕವೊಂದನ್ನು ಕೈಗಿತ್ತರೆ ಅವಳು ಹೊಳೆ ದಾಟಿಬಿಡುತ್ತಾಳೆ. ಇಲ್ಲವಾದರೆ ಈಚೆ ದಡದಲ್ಲೇ ಉಳಿಯುತ್ತಾಳೆ.

ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಮಕ್ಕಳಿಗಾಗಿ ಇಲ್ಲಿ ಬಂದ ಸಾಹಿತ್ಯ ಅಲ್ಪವೇನಲ್ಲ. 1949ರಲ್ಲಿ ಕನ್ನಡಕ್ಕೆ ಬಂದು, ದಶಕಗಳ ಕಾಲ ನಡೆದು ನಿಂತುಹೋದ ‘ಚಂದಮಾಮ’, ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಸಂಪುಟಗಳು, ರಾಷ್ಟ್ರೋತ್ಥಾನ ಪರಿಷತ್ತು ಹೊರತಂದ ‘ಭಾರತ-ಭಾರತಿ’ ಮಾಲೆಯ 510 ಕಿರುಹೊತ್ತಗೆಗಳು ತಲೆಮಾರುಗಳನ್ನೇ ಬೆಳೆಸಿವೆ. ಇನ್ನೊಂದು ತುದಿಯಲ್ಲಿ ಎಂಟು ಮಂದಿ ಜ್ಞಾನಪೀಠ ಪುರಸ್ಕೃತರ ದೊಡ್ಡ ಸಾಹಿತ್ಯವಿದೆ. ಆದರೆ ಹದಿನಾರು, ಹದಿನೇಳು, ಹದಿನೆಂಟರ ವಯಸ್ಸಿನವರಿಗೆಂದೇ ಬರೆದ ಪುಸ್ತಕಗಳ ಸಾಲು ಇಂಗ್ಲಿಷಿನಲ್ಲಿ ಬೆಳೆದಂತೆ ಕನ್ನಡದಲ್ಲಿ ಬೆಳೆಯಲಿಲ್ಲ. ನಮ್ಮ ಹುಡುಗ ಹುಡುಗಿಯರು ಮಕ್ಕಳ ಪುಸ್ತಕದಿಂದ ನೇರವಾಗಿ ದೊಡ್ಡವರ ಪುಸ್ತಕಕ್ಕೆ ನೆಗೆಯಬೇಕು. ಆ ನೆಗೆತದಲ್ಲಿ ಕೈಹಿಡಿಯುವವರು ಯಾರು ಎಂಬುದರ ಮೇಲೆ ಕನ್ನಡದ ಮುಂದಿನ ಓದುಗರ ಸಂಖ್ಯೆ ನಿಂತಿದೆ.

ಹೆಗಲ ಗಂಟಿನಿಂದ ವಾರಪತ್ರಿಕೆಗೆ

ಹೊಸಗನ್ನಡದ ಓದುಗ ತಾನಾಗಿ ಹುಟ್ಟಿದವನಲ್ಲ. ಅವನನ್ನು ಹುಡುಕಿಕೊಂಡು ಹೋದವರಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ. ವೆಂಕಟಾಚಾರ್ಯರು (1845-1914) ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಮೈಸೂರು ಸೀಮೆಯಲ್ಲಿ ಕಾದಂಬರಿ ಓದುವ ರುಚಿ ಹತ್ತಿಸಿದರು. ಮರಾಠಿಯ ಪ್ರಭಾವ ದಟ್ಟವಾಗಿದ್ದ ಉತ್ತರ ಕರ್ನಾಟಕದಲ್ಲಿ ಆ ಕೆಲಸ ಮಾಡಿದವರು ಗಳಗನಾಥರು (1869-1942). ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಸ್ವಂತ ಹೆಸರಿನ ಈ ಶಾಲಾಮಾಸ್ತರರು ಕಾದಂಬರಿ ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಮನೆಯ ಕಟ್ಟೆಯ ಮೇಲೆ ಕುಳಿತು ಕತೆಯ ಸಾರ ಹೇಳಿ ಪುಸ್ತಕ ಕೈಗಿಡುವ ಲೇಖಕನ ಮಾತಿಗಿಂತ ದೊಡ್ಡ ಶಿಫಾರಸು ಬೇರೊಂದಿರಲಾರದು.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಇದಕ್ಕೊಂದು ವ್ಯವಸ್ಥೆಯ ರೂಪ ಕೊಟ್ಟಿತು. ಚಂದಾ ಕಟ್ಟಿದವರಿಗೆ ಮಾಲೆಯ ಪುಸ್ತಕಗಳು ಮನೆಗೇ ಬರುತ್ತಿದ್ದವು. ಯಾವ ಪುಸ್ತಕ ಓದಬೇಕೆಂಬ ಆಯ್ಕೆಯನ್ನು ಓದುಗ ನಂಬಿಕೆಯಿಂದ ಪ್ರಕಾಶಕರಿಗೆ ಬಿಟ್ಟುಕೊಟ್ಟಿದ್ದ. ಅಪ್ಪನ ಹೆಸರಿಗೆ ಬಂದ ಕಟ್ಟನ್ನು ಮಗ ಮೊದಲು ಬಿಚ್ಚುವುದನ್ನು ತಡೆಯುವವರು ಯಾರು?

ಆಮೇಲಿನ ದಶಕಗಳಲ್ಲಿ ಈ ಹೊಣೆ ವಾರಪತ್ರಿಕೆಗಳಿಗೆ ಬಂತು. ‘ಪ್ರಜಾಮತ’, ‘ಕರ್ಮವೀರ’, 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಧಾರಾವಾಹಿಗಳನ್ನು ಮನೆಮನೆಗೆ ಮುಟ್ಟಿಸಿದವು. ಪಟ್ಟಣಗಳ ಓಣಿಗಳಲ್ಲಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಅನಕೃ, ತರಾಸು, ತ್ರಿವೇಣಿ ಮುಂತಾದವರ ಕಾದಂಬರಿಗಳು ಅಲ್ಪ ಬಾಡಿಗೆಗೆ ಸಿಗುತ್ತಿದ್ದವು. ಒಂದೇ ಸಂಚಿಕೆಯನ್ನು ತಾಯಿ ಮಧ್ಯಾಹ್ನ ಓದುತ್ತಿದ್ದಳು, ಮಗಳು ಸಂಜೆ ಓದುತ್ತಿದ್ದಳು, ಅಜ್ಜಿಗೆ ಯಾರೋ ಓದಿ ಹೇಳುತ್ತಿದ್ದರು. ಇದು ಹದಿಹರೆಯದವರಿಗೆ, ಇದು ದೊಡ್ಡವರಿಗೆ ಎಂಬ ಗೆರೆಯನ್ನು ಯಾರೂ ಎಳೆದಿರಲಿಲ್ಲ. ಮುಂದಿನ ವಾರ ನಾಯಕಿಯ ಗತಿಯೇನಾದೀತೆಂಬ ಚರ್ಚೆ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಮಕ್ಕಳು ದೊಡ್ಡವರ ಓದಿಗೆ ದಾಟುತ್ತಿದ್ದುದು ಹೀಗೆ, ಯಾರಿಗೂ ಗೊತ್ತಾಗದಂತೆ. ಟೆಲಿವಿಷನ್ನಿನ ಧಾರಾವಾಹಿ, ಆಮೇಲೆ ಅಂಗೈಯ ಫೋನು ಬಂದಮೇಲೆ ಆ ಹಾದಿ ಸವೆಯಿತು. ತಾನಾಗಿ ಆಗುತ್ತಿದ್ದ ಕೆಲಸವನ್ನು ಈಗ ಯಾರಾದರೂ ಮನಸ್ಸಿಟ್ಟು ಮಾಡಬೇಕಾಗಿದೆ.

ಓದಿದವರೇ ಹೇಳಬೇಕು

ಪುಸ್ತಕ ಸೂಚಿಸುವುದು ಒಂದು ವಿದ್ಯೆ ಎಂಬುದನ್ನು ನಮ್ಮ ದೇಶದಲ್ಲಿ ಗಟ್ಟಿಯಾಗಿ ಹೇಳಿದವರು ಎಸ್.ಆರ್. ರಂಗನಾಥನ್ (1892-1972). ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕಾಯುವುದೇ ಗ್ರಂಥಪಾಲನೆ ಎಂದುಕೊಂಡಿದ್ದ ಕಾಲವದು. 1931ರಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನಿಗೊಪ್ಪುವ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು ಎಂಬ ತಿರುಳಿನ ಎರಡು ಸೂತ್ರಗಳು ಅವುಗಳಲ್ಲಿವೆ. ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಹಳ್ಳಿಗಳಿಗಾಗಿ ಹೊರಟ ಎತ್ತಿನ ಗಾಡಿಯ ಗ್ರಂಥಾಲಯದ ಹಿಂದೆ ಇದ್ದುದೂ ಈ ವಿಚಾರವೇ. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಅವರು ಕಟ್ಟಿದ ಗ್ರಂಥಾಲಯ ವಿಜ್ಞಾನದ ಸಂಶೋಧನ, ತರಬೇತಿ ಕೇಂದ್ರ ಇಂದಿಗೂ ಇದೆ.

ಅಮೆರಿಕದ ಬಾಲ್ಟಿಮೋರ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹದಿಹರೆಯದವರಿಗಾಗಿಯೇ ದುಡಿದ ಮಾರ್ಗರೆಟ್ ಎಡ್ವರ್ಡ್ಸ್ (1902-1988) ಎಂಬಾಕೆ ಇದೇ ಮಾತನ್ನು ಆಚರಿಸಿ ತೋರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಕುದುರೆಗಾಡಿಯಲ್ಲಿ ಪುಸ್ತಕ ತುಂಬಿಸಿಕೊಂಡು ನಗರದ ಬಡವರ ಬೀದಿಗಳಿಗೆ ಹೋದರು. ತಮ್ಮ ಕೈಕೆಳಗಿನ ಸಹಾಯಕರು ನೂರಾರು ಪುಸ್ತಕಗಳನ್ನು ಓದಿ, ಬಂದು ಚರ್ಚಿಸಬೇಕೆಂದು ಅವರು ವಿಧಿಸಿದ್ದರು. ತಾನು ಓದದ ಪುಸ್ತಕವನ್ನು ಹುಡುಗರ ಮುಂದೆ ಹೊಗಳಬಾರದು, ಹೊಗಳಿದರೆ ಅವರಿಗೆ ತಕ್ಷಣ ತಿಳಿದುಹೋಗುತ್ತದೆ ಎಂಬುದು ಈ ನಿಯಮದ ಹಿಂದಿನ ವಿವೇಕ. ಅವರ ನೆನಪಿನಲ್ಲಿ 1998ರಿಂದ ಅಲ್ಲಿ ಪ್ರತಿ ವರ್ಷ ಹತ್ತು ಪುಸ್ತಕಗಳಿಗೆ ‘ಅಲೆಕ್ಸ್’ ಪ್ರಶಸ್ತಿ ಕೊಡುತ್ತಾರೆ. ಆರಿಸುವುದು ಹುಡುಗರಿಗೆಂದು ಬರೆದ ಪುಸ್ತಕಗಳನ್ನಲ್ಲ. ದೊಡ್ಡವರಿಗೆಂದು ಬರೆದಿದ್ದರೂ ಹದಿಹರೆಯದವರನ್ನು ಸೆಳೆಯಬಲ್ಲ ಪುಸ್ತಕಗಳನ್ನು ಎಂಬುದು ಗಮನಿಸಬೇಕಾದ ಸಂಗತಿ.

ಕನ್ನಡಕ್ಕೆ ಬೇಕಾದ ದಾರಿಯೂ ಇದೇ. ಪ್ರತ್ಯೇಕ ಸಾಲಿಲ್ಲವೆಂದು ಕೊರಗುವುದಕ್ಕಿಂತ, ದೊಡ್ಡವರ ಕಪಾಟಿನಲ್ಲೇ ಹದಿನೇಳರ ಕೈಗೆಟುಕುವ ಪುಸ್ತಕ ಯಾವುದೆಂದು ಗುರುತಿಸುವುದು ಲೇಸು.

ಯಾರಿಗೆ ಯಾವುದು?

ಕೊಡುವ ಮೊದಲು ಮಗುವನ್ನು ಕೇಳಬೇಕು: ಈಚೆಗೆ ನಿನಗೆ ಹಿಡಿಸಿದ್ದು ಏನು? ಸಿನಿಮಾ, ಆಟ, ಕಾಡು, ಜಗಳ, ಯಾವುದೂ ಆಗಬಹುದು. ಉತ್ತರದಲ್ಲೇ ದಾರಿ ಸಿಗುತ್ತದೆ.

ಕಾಡು, ಪ್ರಾಣಿ, ವಿಜ್ಞಾನ ಎಂದರೆ ಕಣ್ಣರಳಿಸುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇದೆ. ಮಲೆನಾಡಿನ ಒಬ್ಬ ಕೃಷಿಕ, ಜೇನು ಹಿಡಿಯುವ ಮಂದಣ್ಣ, ಒಬ್ಬ ವಿಜ್ಞಾನಿ, ಒಂದು ನಾಯಿ, ಹಾರುವ ಓತಿಯೊಂದರ ಬೆನ್ನುಹತ್ತಿದ ಪಯಣ. ನಗುತ್ತ ಓದಿ ಮುಗಿಸಿದಮೇಲೆ ವಿಕಾಸವೆಂದರೇನು, ಜ್ಞಾನಿ ಯಾರು ಎಂಬ ಪ್ರಶ್ನೆಗಳು ಓದುಗನ ತಲೆಯಲ್ಲಿ ಉಳಿದಿರುತ್ತವೆ.

ಕಾರಂತರ ‘ಬೆಟ್ಟದ ಜೀವ’ (1943) ಇನ್ನೊಂದು ಬಗೆಯದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಯ ಮನೆ ಸೇರುತ್ತಾನೆ. ಆ ಮನೆಯ ಮಗ ಊರು ಬಿಟ್ಟು ಹೋಗಿದ್ದಾನೆ. ಹದಿನೇಳರ ಹುಡುಗ ಇದನ್ನು ಬೆಟ್ಟ, ಹೊಳೆ, ಕಾಡುಗಳ ಕತೆಯಾಗಿ ಓದಬಹುದು. ಅವನ ಅಪ್ಪ ಅಮ್ಮನಿಗೆ ಅದೇ ಪುಸ್ತಕ ಮಗನ ಹಾದಿ ಕಾಯುವ ಕತೆ. ಒಂದು ಮನೆಯ ಇಬ್ಬರು ಒಂದೇ ಪುಸ್ತಕ ಓದಿ ಬೇರೆಬೇರೆ ಕಡೆ ಕಣ್ಣು ಒದ್ದೆ ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಮಾತುಕತೆ ಬೇರೆ ಬೇಕೆ? ಓದುವುದನ್ನು ಬಿಟ್ಟು ಇಪ್ಪತ್ತು ವರ್ಷವಾದ ದೊಡ್ಡವರು ಮರಳಿ ಆರಂಭಿಸುವುದಕ್ಕೂ ಇಂಥ ಪುಸ್ತಕವೇ ಸರಿ.

ಅನ್ಯಾಯ ಕಂಡರೆ ಸಿಡಿಯುವುದು ಈ ವಯಸ್ಸಿನ ಗುಣ. ಉಳಲು ತನ್ನದೇ ತುಂಡು ನೆಲ ಬೇಕೆಂದು ಹಂಬಲಿಸಿದವನ ಕತೆಯಾದ ‘ಚೋಮನ ದುಡಿ’ (1933) ಗಾತ್ರದಲ್ಲಿ ಚಿಕ್ಕದು, ಪೆಟ್ಟಿನಲ್ಲಿ ದೊಡ್ಡದು. ಆದರೆ ಅದರ ಜೊತೆಗೆ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನೂ ಕೊಡಬೇಕು. ದಲಿತನೊಬ್ಬನ ಬದುಕನ್ನು ಹೊರಗಿನಿಂದ ಮರುಗಿ ನೋಡುವುದಕ್ಕೂ, ಆ ಕೇರಿಯಲ್ಲೇ ಹುಟ್ಟಿದವರು ಬಡತನದ ನಡುವೆಯೂ ನಗೆ ಬಿಡದೆ ಹೇಳುವುದಕ್ಕೂ ಇರುವ ವ್ಯತ್ಯಾಸ ಆಗ ತಾನಾಗಿ ಅರಿವಾಗುತ್ತದೆ.

ಹೆಣ್ಣುಮಕ್ಕಳ ಬದುಕಿನ ಪ್ರಶ್ನೆಗಳಿಗೆ ಮೂರು ಪುಸ್ತಕಗಳನ್ನು ಒಟ್ಟಿಗೆ ಇಡಬಹುದು. ಬಾಲವಿಧವೆಯೊಬ್ಬಳ ದೀರ್ಘ ಬಾಳನ್ನು ಹೇಳುವ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಬಂದವಳನ್ನು ಮನೆಯವರೇ ಒಪ್ಪದ ತ್ರಿವೇಣಿಯವರ ‘ಶರಪಂಜರ’, ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಕತೆಯಾದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಇವನ್ನು ಹುಡುಗಿಯರಿಗಷ್ಟೇ ಕೊಟ್ಟು ಹುಡುಗರಿಗೆ ಸಾಹಸದ ಕತೆ ಕೊಡುವುದು ದೊಡ್ಡ ತಪ್ಪು. ಹುಡುಗರೇ ಮುಖ್ಯವಾಗಿ ಓದಬೇಕಾದ ಪುಸ್ತಕಗಳಿವು.

ಇತಿಹಾಸದ ಒಲವಿರುವವರಿಗೆ ಕೊಡಗಿನ ಕೊನೆಯ ಅರಸನ ಪತನವನ್ನು ಚಿತ್ರಿಸುವ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956), ಲಿಸ್ಬನ್ನನ್ನೂ ವಿಜಯನಗರವನ್ನೂ ಒಂದೇ ಕತೆಯಲ್ಲಿ ಹೆಣೆದ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಇವೆ. ನಗರದಲ್ಲೇ ಬೆಳೆದು, ಹಳ್ಳಿಯ ಕತೆಯೆಂದರೆ ಮುಖ ತಿರುಗಿಸುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಪ್ಪುತ್ತದೆ. ಕೈಗೆ ದಿಢೀರನೆ ದುಡ್ಡು ಬಂದ ಬೆಂಗಳೂರಿನ ಕುಟುಂಬವೊಂದು ಒಳಗಿಂದ ಹೇಗೆ ಬದಲಾಯಿತೆಂಬುದನ್ನು ಅದು ಒಂದೆರಡು ಕೂತದಲ್ಲಿ ಮುಗಿಯುವಷ್ಟು ಚಿಕ್ಕದಾಗಿ ಹೇಳುತ್ತದೆ.

ಮಾಡಬಾರದ್ದು

ಹಿತೈಷಿಗಳು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಶ್ರೇಷ್ಠವಾದುದರಿಂದಲೇ ಆರಂಭಿಸುವುದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕನ್ನಡದ ಮಹಾಕಾದಂಬರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ಪುಟಗಳ, ಅಷ್ಟು ಪಾತ್ರಗಳ ಕಾಡನ್ನು ಮೊದಲ ಸಲವೇ ಹೊಕ್ಕವರು ದಾರಿ ತಪ್ಪಿ ಹಿಂದಿರುಗಬಹುದು. ‘ಸಂಸ್ಕಾರ’, ‘ಪರ್ವ’ಗಳಿಗೂ ಅವುಗಳ ಸಮಯವಿದೆ. ಈಜು ಕಲಿಸುವವರು ಮಗುವನ್ನು ಮೊದಲು ಕೆರೆಯ ಅಂಚಿನಲ್ಲೇ ಇಳಿಸುತ್ತಾರೆ.

ಎರಡನೆಯ ತಪ್ಪು ಪುಸ್ತಕವನ್ನು ಔಷಧದಂತೆ ಕೊಡುವುದು. ‘ಇದನ್ನು ಓದಿದರೆ ಬುದ್ಧಿ ಬರುತ್ತದೆ’ ಎಂದು ಕೊಟ್ಟ ಪುಸ್ತಕ ಧೂಳು ಹಿಡಿಯುವುದೇ ಹೆಚ್ಚು. ಇಪ್ಪತ್ತು ಪುಟ ಓದಿ ಹಿಡಿಸದಿದ್ದರೆ ಮುಚ್ಚಿಡುವ ಸ್ವಾತಂತ್ರ್ಯವೂ ಇರಬೇಕು. ಮೂರನೆಯದು, ಜನಪ್ರಿಯ ಓದನ್ನು ಹಳಿಯುವುದು. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳ ಅನುವಾದಗಳನ್ನು ಮುಗಿಬಿದ್ದು ಓದಿದವರಲ್ಲಿ ಅನೇಕರು ಮುಂದೆ ಕಾರಂತ, ತೇಜಸ್ವಿಯವರತ್ತ ಬಂದರು. ಓದುವ ಚಟ ಹತ್ತಿದವರಿಗೆ ರುಚಿ ಬೆಳೆಯಲು ಅವಕಾಶವಿದೆ. ಚಟವೇ ಹತ್ತದವರ ಮುಂದೆ ರುಚಿಯ ಮಾತು ವ್ಯರ್ಥ.

ಪ್ರಶಸ್ತಿಗಳೂ ಪುಸ್ತಕ ಸೂಚಿಸುತ್ತವೆ ನಿಜ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡದ ಸಣ್ಣಕತೆಯ ಕಡೆಗೆ ಲೋಕವೇ ತಿರುಗಿ ನೋಡಿತು. ಆದರೆ ಪ್ರಶಸ್ತಿ ಪುಸ್ತಕವನ್ನು ಬಲ್ಲದು, ಎದುರಿಗಿರುವ ಹುಡುಗನನ್ನು ಅರಿಯದು. ಇಬ್ಬರನ್ನೂ ಬಲ್ಲವರು ಊರಿನಲ್ಲೇ ಇರಬೇಕು.

ಅದಕ್ಕೆ ಬೇಕಾದ ಜಾಗ ಇಲ್ಲದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಆಸ್ತಿ ತೆರಿಗೆಯ ಜೊತೆಗೆ ನಾಡಿನ ಜನ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ವಯಸ್ಸಿನ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಕಟ್ಟಡವಿದೆ, ಕಪಾಟಿದೆ, ಪುಸ್ತಕವಿದೆ. ಅವುಗಳ ನಡುವೆ ಹತ್ತು ಪುಸ್ತಕಗಳನ್ನಾದರೂ ತಾನೇ ಓದಿ, ಬಂದ ಹುಡುಗಿಯನ್ನು ‘ನಿನಗೇನು ಇಷ್ಟ?’ ಎಂದು ಕೇಳುವವರೊಬ್ಬರು ಬೇಕು. ಆ ಒಬ್ಬರು ಗ್ರಂಥಪಾಲಕರೇ ಆಗಬೇಕಿಲ್ಲ. ಮೇಷ್ಟ್ರಾಗಬಹುದು, ಸೋದರತ್ತೆಯಾಗಬಹುದು, ಪಕ್ಕದ ಮನೆಯ ನಿವೃತ್ತರಾಗಬಹುದು. ಗಳಗನಾಥರು ಗಂಟು ಹೊತ್ತು ನಡೆದಷ್ಟು ದೂರ ಇಂದು ಯಾರೂ ನಡೆಯಬೇಕಾಗಿಲ್ಲ. ಬರುವ ಬೇಸಿಗೆಗೆ ಮೊದಲು ಮನೆಯ ಕಪಾಟಿನಿಂದ ಒಂದು ಪುಸ್ತಕ ತೆಗೆದು, ತಾವೂ ಇನ್ನೊಮ್ಮೆ ಓದಿ, ಕೈಗೆಟುಕುವ ಕಡೆ ಇಟ್ಟರೆ ಸಾಕು.