ಅಂಕಣದಾಚೆಯ ಕೈಗಳು

ಭತ್ತ ಕೊಯ್ದು ಬಯಲಾದ ಗದ್ದೆ. ನಾಲ್ಕೂ ಮೂಲೆಗೆ ಕಂಬ ನೆಟ್ಟು ಲೈಟು ಕಟ್ಟಿದ್ದಾರೆ. ಡಿಸೆಂಬರ್ ಕಳೆಯುತ್ತಿದ್ದಂತೆ ಕೊಪ್ಪ ಸೀಮೆಯಲ್ಲಿ ಹೊನಲು ಬೆಳಕಿನ ಕಬಡ್ಡಿಯ ಕಾಲ. ಮೈಕಿನಲ್ಲಿ ತಂಡಗಳ ಹೆಸರು ಕೂಗುತ್ತಿದ್ದಾರೆ, ಒಂದು ಕಡೆ ಆಮ್ಲೆಟ್ ಗಾಡಿಯ ಹೊಗೆ, ಇನ್ನೊಂದು ಕಡೆ ಚರುಮುರಿ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದ ಸುತ್ತ ಕಿಕ್ಕಿರಿದ ಜನಕ್ಕೆ ರೈಡರ್‌ನ ಕಾಲಿನ ಮೇಲೇ ಕಣ್ಣು. ಅವರ ಬೆನ್ನ ಹಿಂದೆ, ಬೆಳಕು ಅರೆಬರೆ ಬೀಳುವಲ್ಲಿ, ಟಾರ್ಪಾಲು ಹಾಸಿ ಒಬ್ಬ ಹುಡುಗ ಬೋರಲು ಮಲಗಿದ್ದಾನೆ.

ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿದೆ. ತಂಡದ ಹಿರಿಯ ಅದನ್ನು ಕಡ್ಡಿಯಿಂದ ಕೆದಕಿ ತೆಗೆದು, ಅಂಗೈಯಲ್ಲಿ ತಿಕ್ಕಿ ಕರಗಿಸಿ, ಹುಡುಗನ ಮೀನಖಂಡಕ್ಕೆ ಸವರುತ್ತಾನೆ. ಎರಡೂ ಹೆಬ್ಬೆರಳು ಹಿಮ್ಮಡಿಯಿಂದ ಹೊರಟು ಮೇಲಕ್ಕೆ, ಮೊಣಕಾಲಿನ ಹಿಂಬದಿಯ ತನಕ ನಿಧಾನಕ್ಕೆ ಹತ್ತುತ್ತವೆ. ಅರ್ಧದಲ್ಲಿ ಒಂದು ಕಡೆ ನಿಲ್ಲುತ್ತವೆ. ಹುಡುಗನ ಕಾಲ್ಬೆರಳು ಮುದುಡುತ್ತವೆ.

"ಇಲ್ಲೇ ಹಿಡಿದಿರೋದಾ?"

"ಹೂಂ ಅಣ್ಣ."

"ಉಸಿರು ಬಿಡು ಮಾರಾಯ, ಬಿಗಿ ಹಿಡೀಬೇಡ."

ಒತ್ತಿದ ಬೆರಳು ಅಲ್ಲೇ ಇದೆ, ಆಚೀಚೆ ಜಾರುವುದಿಲ್ಲ. ಸ್ವಲ್ಪ ಹೊತ್ತಿಗೆ ಮುದುಡಿದ ಕಾಲ್ಬೆರಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಇದು ಅಡಿಕೆ ಕೊಯ್ಲಿನ ಕಾಲವೂ ಹೌದು. ಬೆಳಿಗ್ಗೆಯಿಂದ ಮರ ಹತ್ತಿ ಇಳಿದ ಕಾಲುಗಳೇ ರಾತ್ರಿ ಅಂಕಣಕ್ಕೆ ಇಳಿಯುತ್ತವೆ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯ ಆಟಗಾರನಿಗೆ ಫಿಸಿಯೊ ಇದ್ದಾನೆ, ವಿಶ್ರಾಂತಿಯ ದಿನ ಇದೆ. ಈ ಹುಡುಗನಿಗೆ ನಾಳೆ ಬೆಳಿಗ್ಗೆ ಮತ್ತೆ ತೋಟ. ಮಾಲೀಸು ಯಾರಿಗಾದರೂ ನಿಜಕ್ಕೂ ಬೇಕಿದ್ದರೆ ಇವನಿಗೆ ಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಆ ಕೈ ಮಾಡುವ ಕೆಲಸ ಏನು? ಸ್ನಾಯುವಿನಲ್ಲಿ ತುಂಬಿದ ಲ್ಯಾಕ್ಟಿಕ್ ಆಮ್ಲ ಇಳಿಯುತ್ತದೆ ಎಂದು ಕೋಚ್‌ಗಳೇ ಹೇಳುವುದುಂಟು. ಯಾರೂ ಮುಟ್ಟದಿದ್ದರೂ ಆಟ ಮುಗಿದ ಗಂಟೆಯೊಳಗೆ ದೇಹ ಅದನ್ನು ತಾನೇ ಕರಗಿಸಿಕೊಂಡಿರುತ್ತದೆ. ಮಾರನೆಯ ದಿನ, ಅದರ ಮಾರನೆಯ ದಿನ ಮೆಟ್ಟಿಲಿಳಿಯುವಾಗ ಜೀವ ಹಿಂಡುವ ನೋವಿಗೆ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಹರುಕು, ಅದರಿಂದ ಹುಟ್ಟಿದ ಉರಿಯೂತ ಕಾರಣ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಯುವಕರಿಗೆ ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದೇ ಕಾಲಿಗೆ 10 ನಿಮಿಷ ಮಾಲೀಸು ಮಾಡಿಸಿದರು. ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದಾಗ, ಮಾಲೀಸಾದ ಕಾಲಿನಲ್ಲಿ ಉರಿಯೂತದ ಸೂಚನೆ ಕಡಿಮೆ ಇತ್ತು. ಲ್ಯಾಕ್ಟಿಕ್ ಆಮ್ಲದ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಮಾಲೀಸಿನ ಬಗೆಗಿನ 29 ಅಧ್ಯಯನಗಳನ್ನು ಒಟ್ಟಿಗೆ ಅಳೆದರು. ಓಟದ ವೇಗ, ಜಿಗಿತ, ಶಕ್ತಿ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ; ನೋವು ತುಸು ತಗ್ಗುತ್ತದೆ, ಮೈ ತುಸು ಬಾಗುತ್ತದೆ ಎಂದು ಕಂಡಿತು. ಬೆಳಿಗ್ಗೆ ಮರ ಹತ್ತಬೇಕಾದವನಿಗೆ ಆ ತುಸುವೇ ದೊಡ್ಡದು.

ಈ ಸೀಮೆಗೆ ಎಣ್ಣೆ ಹೊಸದಲ್ಲ. ಅಡಿಕೆ ಸಿಪ್ಪೆಯ ಉರಿಯಲ್ಲಿ ಹಂಡೆ ನೀರು ಕುದಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿ ಕೂರುವ ಬಚ್ಚಲು ಮನೆಮನೆಯಲ್ಲೂ ಇತ್ತು. ಮೈಕೈ ನೋವಿಗೆ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರು. ಅದೇ ಸೊಪ್ಪನ್ನು ಆಯುರ್ವೇದ ವೈದ್ಯರು ಎಕ್ಕ, ಹರಳೆಲೆಗಳ ಜೊತೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ ಸೊಂಟ, ತೊಡೆಗೆ ಒತ್ತುತ್ತಾರೆ. ಪತ್ರಪಿಂಡ ಸ್ವೇದ ಎಂದು ಅದರ ಹೆಸರು. ಇದನ್ನೆಲ್ಲ ಕಲಿಸುವ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ಕಾಲೇಜು ಕೊಪ್ಪದಲ್ಲೇ ಇದೆ.

ಅಷ್ಟರಲ್ಲಿ ಅಂಕಣದಿಂದ ಕುಂಟುತ್ತ ಬಂದ ಇನ್ನೊಬ್ಬ ಕಾಲು ಚಾಚಿ ಕೂತ. ಟ್ಯಾಕಲ್‌ನಲ್ಲಿ ಪಾದ ಹೊರಳಿ ಗಿಣ್ಣು ಆಗಲೇ ಊದಿದೆ. ಹಿರಿಯ ಎಣ್ಣೆ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಇದಕ್ಕೆ ಇವತ್ತು ಕೈ ಹಾಕಲ್ಲ. ಐಸ್ ಇಟ್ಟು ಬಟ್ಟೆ ಸುತ್ತು, ಕಾಲೆತ್ತಿ ಮಲಗು. ಬೆಳಿಗ್ಗೆ ಊರಕ್ಕೆ ಆಗ್ದಿದ್ರೆ ಎಕ್ಸ್‌ರೇ."

ಎಲ್ಲರೂ ಹೀಗೆ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ನನಗಿರುವ ದಿಗಿಲು ಅದೇ. ಉಳುಕಿದ ತಕ್ಷಣ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ತೊಡೆಗೆ ಮೊಣಕಾಲು ಬಡಿದು ರಕ್ತ ಕಟ್ಟಿದಾಗ ಜೋರಾಗಿ ಉಜ್ಜಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯುವ ಅಪಾಯವಿದೆ. ಹಾಗಾದವನು ತಿಂಗಳುಗಟ್ಟಲೆ ಆಡಲಾರ. ಕಪ್ಪು, ನಗದು, ರಾತ್ರಿಯೂಟ ಎಲ್ಲವನ್ನೂ ಮುತುವರ್ಜಿಯಿಂದ ಹೊಂದಿಸುವ ಸಂಘಟಕರು ಒಂದು ಐಸ್ ಪೆಟ್ಟಿಗೆಯನ್ನೂ ತರಿಸಲಿ. ಊರಲ್ಲೇ ಇರುವ ಕಾಲೇಜಿನಿಂದ ಕಲಿತ ಕೈಯ ಇಬ್ಬರನ್ನು ಪಂದ್ಯದ ರಾತ್ರಿ ಕರೆಸಲಿ.